ಲಾಯರ್ ಅಲ್ಲದ ‘ಲೀಗಲ್ ಕನ್ಸಲ್ಟೆಂಟ್’ ಹತ್ರ ಅಗ್ರಿಮೆಂಟ್ ಬರೆಸ್ಬಹುದಾ? ಇಬ್ರಿಗೂ ನಿಜವಾದ ವ್ಯತ್ಯಾಸ ಏನು?

ಗೊಂದಲದ_ಗಿರಾಕಿ:

ಎಲ್ರಿಗೂ ನಮಸ್ಕಾರ. ನಾನೂ ನನ್ನ ಫ್ರೆಂಡೂ ಸೇರಿ ನಾಲ್ಕು ವರ್ಷದಿಂದ ಒಂದು ಸಣ್ಣ ಪಾರ್ಟ್ನರ್‌ಶಿಪ್ ಬಿಸಿನೆಸ್ ನಡೆಸ್ತಾ ಇದೀವಿ, ಈಗ ಅವ್ನು ಬಿಟ್ಟು ಹೋಗ್ತಾ ಇದಾನೆ. ಜಗಳ ಗಿಗಳ ಏನಿಲ್ಲ, ಬೇರೆ ಕೆಲ್ಸ ಸಿಕ್ಕಿದೆ ಅಷ್ಟೆ. ಅವ್ನ ಪಾಲು ಕೊಟ್ಟು ಕಳಿಸೋಕೆ ಒಂದು ಅಗ್ರಿಮೆಂಟ್ ಆಗ್ಬೇಕು.

ಮೊದ್ಲು ಒಬ್ರು ಲಾಯರ್ ಹತ್ರ ಹೋದೆ. ಹತ್ತು ನಿಮಿಷ ಮಾತಾಡಿ ಹಳೇ ಡೀಡ್ ತನ್ನಿ, ಲೋನ್ ಪೇಪರ್ ತನ್ನಿ, ಬಾಡಿಗೆ ಕರಾರು ತನ್ನಿ, ಟ್ಯಾಕ್ಸ್ ರಿಟರ್ನ್ ತನ್ನಿ ಅಂತ ಒಂದು ಉದ್ದ ಪಟ್ಟಿ ಕೈಗಿಟ್ರು, ಮೂರು ವಾರ ಆಗುತ್ತೆ ಅಂದ್ರು. ನಾನು ಕೇಳಿದ್ದು ನಾಲ್ಕು ಪೇಜಿನ ಪೇಪರ್ ಮಾರಾಯ್ರೆ! ಸಾಲದ್ದಕ್ಕೆ ‘ನಾನು ನಿಮ್ಮ ಪರ ಮಾತ್ರ, ನಿಮ್ಮ ಫ್ರೆಂಡು ಬೇರೆ ಲಾಯರ್ ನೋಡ್ಕೊಳ್ಳಲಿ’ ಅಂದ್ರು. ಜಗಳಾನೇ ಇಲ್ದಿರೋ ಕಡೆ ಎರಡು ಲಾಯರ್ ಯಾಕೆ ಹೇಳಿ.

ಆಮೇಲೆ ಪರಿಚಯದವ್ರು ಇನ್ನೊಬ್ರ ಹತ್ರ ಕಳಿಸಿದ್ರು. ಬೋರ್ಡಲ್ಲಿ ‘ಲೀಗಲ್ ಕನ್ಸಲ್ಟೆಂಟ್’ ಅಂತಿದೆ, ಲಾಯರ್ ಅಲ್ಲ ಅಂತ ಅವ್ರೇ ಒಪ್ಕೋತಾರೆ, ಆದ್ರೆ ಇಪ್ಪತ್ತು ವರ್ಷದಿಂದ ಇದೇ ಕೆಲ್ಸ. ಎರಡು ದಿನದಲ್ಲಿ ರೆಡಿ, ಫೀಸು ಅರ್ಧಕ್ಕಿಂತ ಕಮ್ಮಿ, ಇಬ್ರಿಗೂ ನಾನೇ ಮಾಡಿಕೊಡ್ತೀನಿ ಅಂದ್ರು. ಮನುಷ್ಯ ಒಳ್ಳೇವ್ರ ಥರಾನೇ ಕಂಡ್ರು.

ನಂಗೆ ಇದು ಅಳಿಯ ಅಲ್ಲ ಮಗಳ ಗಂಡ ಅನ್ನೋ ಹಾಗೆ ಕಾಣ್ತಿದೆ. ಇಬ್ರೂ ಟೈಪ್ ಮಾಡೋದು ಅದೇ ಪೇಪರ್ ತಾನೆ? ಕೋರ್ಟಿಗೆ ಹೋಗೋ ವಿಷ್ಯ ಆದ್ರೆ ಲಾಯರ್ ಬೇಕು ಒಪ್ತೀನಿ, ಬರೀ ಪೇಪರ್ ಕೆಲ್ಸಕ್ಕೆ ಲಾಯರ್ ಅಲ್ಲದವ್ರ ಹತ್ರ ಹೋದ್ರೆ ನಾನು ಕಳ್ಕೊಳ್ಳೋದು ಏನು? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.


ಬಿಚ್ಚಿಟ್ಟ_ಕರಿಕೋಟು:

ಹನ್ನೊಂದು ವರ್ಷ ಪ್ರಾಕ್ಟೀಸ್ ಮಾಡಿ ಈಗ ಬೇರೆ ಕೆಲ್ಸದಲ್ಲಿರೋನು ನಾನು, ಲಾಯರ್‌ಗಳ ಪರ ವಕಾಲತ್ತು ಹಾಕ್ತಿಲ್ಲ ಅಂತ ಮೊದ್ಲೇ ಹೇಳ್ಬಿಡ್ತೀನಿ.

ಇಪ್ಪತ್ತು ವರ್ಷ ಡ್ರಾಫ್ಟಿಂಗ್ ಮಾಡಿದವ್ರಿಗೆ ನಿನ್ನೆ ಮೊನ್ನೆ ಸನ್ನದು (ವಕೀಲಿ ಲೈಸೆನ್ಸ್) ತಗೊಂಡ ಹುಡುಗನಿಗಿಂತ ಜಾಸ್ತಿ ಗೊತ್ತಿರುತ್ತೆ, ಅದ್ರಲ್ಲಿ ಅನುಮಾನ ಬೇಡ. ಹಾಗಾಗಿ ಯಾರಿಗೆ ಜಾಸ್ತಿ ಗೊತ್ತು ಅನ್ನೋ ಲೆಕ್ಕಾನ ಪಕ್ಕಕ್ಕಿಡಿ. ಪೇಪರ್ ಕೆಟ್ಟುಹೋದ್ರೆ ಯಾರು ಯಾರಿಗೆ ಉತ್ತರ ಕೊಡ್ಬೇಕು, ಅದನ್ನ ನೋಡಿ. ಲಾಯರ್ ಆದವ್ನ ತಲೆ ಮೇಲೆ ಒಂದು ಸಂಸ್ಥೆ ಇರುತ್ತೆ, ಕೆಲವು ಕಡೆ ಬಾರ್ ಕೌನ್ಸಿಲ್, ಕೆಲವು ಕಡೆ ಲಾ ಸೊಸೈಟಿ. ಕಕ್ಷಿದಾರನ ಗುಟ್ಟು ಬಿಟ್ಟುಕೊಟ್ರೆ, ಎರಡೂ ಕಡೆಯಿಂದ ಫೀಸು ತಗೊಂಡ್ರೆ, ಕಕ್ಷಿದಾರನ ದುಡ್ಡನ್ನ ತನ್ನ ದುಡ್ಡಿಗೆ ಸೇರಿಸಿಕೊಂಡ್ರೆ ಆ ಸಂಸ್ಥೆ ಸನ್ನದು ಕಿತ್ಕೋಬಹುದು, ಅಂದ್ರೆ ಅನ್ನ ಹೋಗುತ್ತೆ. ಕನ್ಸಲ್ಟೆಂಟ್ ಬೋರ್ಡ್ ಕಿತ್ತಾಕೋಕೆ ಯಾರಿದಾರೆ? ಕಿತ್ರೂ ಪಕ್ಕದ ಬೀದಿಯಲ್ಲಿ ಇನ್ನೊಂದು ಬೋರ್ಡ್ ಹಾಕ್ತಾರೆ ಅಷ್ಟೆ.

ಟೈಪಿಂಗಿಗೂ ಕಾನೂನು ಸಲಹೆಗೂ ಮಧ್ಯೆ ಗೆರೆ ಎಲ್ಲಿದೆ ಅಂತ ಒಂದು ಚಿಕ್ಕ ಉದಾಹರಣೆ ಕೊಡ್ತೀನಿ. ಒಬ್ರು ಬಂದು ‘ಈ ಅರ್ಜಿ ತುಂಬಿಕೊಡಿ’ ಅಂತ ಹೆಸರು, ತಾರೀಖು, ವಿಳಾಸ ಹೇಳ್ತಾ ಹೋಗ್ತಾರೆ, ನೀವು ಬರ್ಕೋತೀರಿ, ಅದು ಟೈಪಿಂಗ್. ಅದೇ ಮನುಷ್ಯ ಪೆನ್ನು ಕೆಳಗಿಟ್ಟು ‘ಸರ್, ಈ ಅರ್ಜಿ ಹಾಕ್ಲೋ ಆ ಅರ್ಜಿ ಹಾಕ್ಲೋ’ ಅಂತ ಕೇಳಿದ್ರು ನೋಡಿ, ಅದಕ್ಕೆ ನೀವು ‘ಇದನ್ನೇ ಹಾಕಿ’ ಅಂದ ಕೂಡ್ಲೆ ಅದು ಕಾನೂನು ಸಲಹೆ. ಕ್ಯಾಲಿಫೋರ್ನಿಯಾದಲ್ಲಿ ಲೀಗಲ್ ಡಾಕ್ಯುಮೆಂಟ್ ಅಸಿಸ್ಟೆಂಟ್ ಅಂತ ರಿಜಿಸ್ಟರ್ ಮಾಡಿಸ್ಕೊಂಡವ್ರು ಇದಾರೆ, ಅವ್ರಿಗೆ ಸರಿಯಾಗಿ ಇದೇ ಗೆರೆ: ಗಿರಾಕಿ ಹೇಳಿದ್ದನ್ನ ಫಾರ್ಮಿಗೆ ಇಳಿಸ್ಬಹುದು, ಯಾವ ಫಾರ್ಮ್ ಅಂತ ಆರಿಸಿಕೊಡೋ ಹಾಗಿಲ್ಲ. ಕೂತು ನೋಡಿದ್ರೆ ಗೊತ್ತಾಗುತ್ತೆ, ಆ ಗೆರೆ ದಿನಕ್ಕೆ ಹತ್ತು ಸಲ ದಾಟಿರ್ತಾರೆ.

ಕಾನೂನು ಎಲ್ಲಾ ದೇಶದಲ್ಲೂ ಒಂದೇ ಥರ ಇಲ್ಲ, ಅದಕ್ಕೇ ನೀವು ಎಲ್ಲಿದೀರಿ ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ. ಭಾರತದಲ್ಲಿ 1961ರ ಅಡ್ವೊಕೇಟ್ಸ್ ಆಕ್ಟ್ ಪ್ರಕಾರ ವಕೀಲಿ ಮಾಡೋ ಹಕ್ಕು ಅಡ್ವೊಕೇಟ್‌ಗಳಿಗೆ ಮಾತ್ರ, ಸನ್ನದು ಇಲ್ದೆ ಕೋರ್ಟಲ್ಲಿ ಪ್ರಾಕ್ಟೀಸ್ ಮಾಡಿದ್ರೆ ಆರು ತಿಂಗಳವರೆಗೆ ಜೈಲು. 2018ರಲ್ಲಿ ವಿದೇಶಿ ಲಾಯರ್‌ಗಳ ಕೇಸಲ್ಲಿ ಸುಪ್ರೀಂ ಕೋರ್ಟು ಸಲಹೆ, ಡ್ರಾಫ್ಟಿಂಗ್ ಕೂಡ ವಕೀಲಿಯ ಒಳಗೇ ಬರುತ್ತೆ ಅಂತು. ಇಂಗ್ಲೆಂಡಲ್ಲಿ ಉಲ್ಟಾ. 2007ರ ಲೀಗಲ್ ಸರ್ವಿಸಸ್ ಆಕ್ಟ್ ಆರೇ ಆರು ಕೆಲ್ಸಗಳನ್ನ ಮೀಸಲಿಟ್ಟಿದೆ, ಕೋರ್ಟಲ್ಲಿ ವಾದ ಮಾಡೋದು, ಕೇಸ್ ನಡೆಸೋದು, ಆಸ್ತಿ ವರ್ಗಾವಣೆ ಪತ್ರ, ಈ ಥರದ್ದು. ಮಿಕ್ಕಿದ್ದು ಯಾರು ಬೇಕಾದ್ರೂ ಮಾಡ್ಬಹುದು, ಉಯಿಲು ಕೂಡ ಬರೆದುಕೊಡಬಹುದು. ಅಲ್ಲಿ ‘ಲಾಯರ್’ ಅಂತ ಕರ್ಕೊಳ್ಳೋಕೂ ತಡೆ ಇಲ್ಲ, ‘ಸಾಲಿಸಿಟರ್’, ‘ಬ್ಯಾರಿಸ್ಟರ್’ ಅಂತ ಸುಳ್ಳು ಹೇಳ್ಕೊಂಡ್ರೆ ಮಾತ್ರ ಅಪರಾಧ. ಸ್ವೀಡನ್ನಲ್ಲಂತೂ ಕೋರ್ಟಲ್ಲೇ ಲಾಯರ್ ಅಲ್ಲದವ್ರು ನಿಂತು ವಾದ ಮಾಡ್ಬಹುದು.

ಈಗ ನಿಮ್ಮ ವಿಷ್ಯ. ಆ ಲಾಯರ್ ಲೋನ್ ಪೇಪರ್ ಯಾಕೆ ಕೇಳಿದ್ರು ಅಂತ ಯೋಚ್ನೆ ಮಾಡಿದ್ರಾ? ಬಿಸಿನೆಸ್ ಹೆಸರಲ್ಲಿ ಸಾಲ ಇದ್ಯಾ, ಇದ್ರೆ ಯಾರ್ಯಾರು ಸಹಿ ಹಾಕಿದೀರಿ?


ಎರಡ್ನೇ_ಸಲ_ಮೋಸಹೋಗಲ್ಲ:

ಗುಟ್ಟಿನ ವಿಷ್ಯ ಕರಿಕೋಟು ಸರ್ ಒಂದು ಸಾಲಲ್ಲಿ ಹೇಳಿ ಮುಂದೆ ಹೋದ್ರು, ನಾನು ಅಲ್ಲೇ ಸ್ವಲ್ಪ ನಿಲ್ತೀನಿ, ಯಾಕಂದ್ರೆ ನಂಗೆ ಬಿದ್ದಿರೋ ಪೆಟ್ಟು ಅದೇ.

ನಮ್ಮ ಹತ್ರ ಮಾಲು ತಗೊಂಡ ಒಬ್ರು ದುಡ್ಡು ಕೊಡದೆ ಸತಾಯಿಸ್ತಿದ್ರು. ನಾನೂ ಇದೇ ಥರ ಒಬ್ಬ ಕನ್ಸಲ್ಟೆಂಟ್ ಹಿಡ್ಕೊಂಡೆ. ಅವ್ರು ‘ಏನೂ ಮುಚ್ಚಿಡಬೇಡಿ, ನಡೆದಿದ್ದೆಲ್ಲ ಮೆಸೇಜಲ್ಲಿ ಬರೆದು ಕಳ್ಸಿ’ ಅಂದ್ರು. ರಾತ್ರಿ ಕೂತು ನಾಲ್ಕು ಸ್ಕ್ರೀನ್ ಉದ್ದ ಬರ್ದೆ, ಅದ್ರಲ್ಲಿ ‘ಎರಡನೇ ಲಾಟ್ ನಾವು ಚೆಕ್ ಮಾಡದೇ ಕಳಿಸಿದ್ವಿ, ಅದು ನಮ್ಮದೇ ತಪ್ಪು, ಅವ್ರಿಗಿನ್ನೂ ಗೊತ್ತಾಗಿಲ್ಲ’ ಅಂತಾನೂ ಇತ್ತು. ಡಾಕ್ಟರಿಗೆ ಹೇಳ್ದಂಗೆ ಎಲ್ಲಾ ಹೇಳ್ಬಿಟ್ಟೆ.

ಕೇಸು ಕೋರ್ಟಿಗೆ ಹೋಯ್ತು, ಆಗ ಲಾಯರ್ ಇಟ್ಕೊಳ್ಳೇಬೇಕಾಯ್ತು. ಎದುರುಪಾರ್ಟಿ ಲಾಯರ್ ಆ ವ್ಯವಹಾರದ ಬಗ್ಗೆ ನಮ್ಮ ಕಡೆಯಿಂದ ಹೋದ ಎಲ್ಲಾ ಪತ್ರ, ಮೆಸೇಜು ಹಾಜರುಪಡಿಸಿ ಅಂತ ಅರ್ಜಿ ಹಾಕಿದ್ರು. ನಮ್ಮ ಲಾಯರ್ ನನ್ನ ಫೋನ್ ಈಸ್ಕೊಂಡು ಆ ನಾಲ್ಕು ಸ್ಕ್ರೀನ್ ಮೇಲಿಂದ ಕೆಳಗೆ ಓದಿ, ಫೋನನ್ನ ಮಕಾಡೆ ಟೇಬಲ್ ಮೇಲಿಟ್ಟು, ‘ಇದನ್ನ ನಂಗೆ ಬರ್ದಿದ್ರೆ ಯಾರೂ ಮುಟ್ಟೋ ಹಾಗಿರ್ಲಿಲ್ಲ’ ಅಂದ್ರು. ಅಷ್ಟೆ, ಆಮೇಲೆ ರಾಜಿಗೆ ಕೂತ್ವಿ, ಬರ್ಬೇಕಾದ ದುಡ್ಡಲ್ಲಿ ಒಂದು ದೊಡ್ಡ ಪಾಲು ಬಿಟ್ಕೊಟ್ವಿ.

ಕನ್ಸಲ್ಟೆಂಟ್ ಕೆಟ್ಟೋರಾಗಿರ್ಲಿಲ್ಲ, ಯಾರ ಹತ್ರಾನೂ ಬಾಯಿ ಬಿಟ್ಟಿರ್ಲೂ ಇಲ್ಲ. ಬಾಯಿ ಬಿಡಲ್ಲ ಅಂತ ಮಾತು ಕೊಡೋದು ಬೇರೆ, ಕೋರ್ಟು ಕೇಳಿದ್ರೂ ಹೇಳೋ ಹಾಗಿಲ್ಲ ಅಂತ ಕಾನೂನೇ ರಕ್ಷಣೆ ಕೊಡೋದು ಬೇರೆ. ಆಮೇಲೆ ಓದಿ ತಿಳ್ಕೊಂಡೆ, ಭಾರತದ 1872ರ ಎವಿಡೆನ್ಸ್ ಆಕ್ಟಲ್ಲಿ 126ನೇ ಸೆಕ್ಷನ್ ಇದೇ ಆಗಿತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 132, ಅದ್ರಲ್ಲಿರೋದು ಅಡ್ವೊಕೇಟ್ ಅನ್ನೋ ಪದ. ಇಂಗ್ಲೆಂಡಲ್ಲಿ ದೊಡ್ಡ ಅಕೌಂಟೆಂಟ್‌ಗಳು ಕೊಟ್ಟ ಟ್ಯಾಕ್ಸ್ ಕಾನೂನು ಸಲಹೆಗೂ ಈ ರಕ್ಷಣೆ ಕೊಡಿ ಅಂತ ಸುಪ್ರೀಂ ಕೋರ್ಟ್‌ವರೆಗೆ ಹೋಗಿದ್ರಂತೆ, 2013ರಲ್ಲಿ ಆಗಲ್ಲ ಅಂದ್ರು, ಸಲಹೆ ಅದೇ ಆಗಿದ್ರೂ ಕೊಟ್ಟೋರು ಲಾಯರ್ ಆಗಿರ್ಬೇಕು. ಹಾಂ, ಲಾಯರ್ ಹತ್ರ ಹೇಳಿದ್ರೂ ಮುಂದೆ ಮೋಸ ಮಾಡೋಕೆ ಸಹಾಯ ಕೇಳಿದ್ರೆ ಆ ರಕ್ಷಣೆ ಸಿಗಲ್ಲ, ಅದೂ ತಿಳ್ಕೊಂಡಿರಿ.


ಫೈಲ್_ಹೊರೋ_ಕೈ:

ಎಲ್ರೂ ಸೇರಿ ಲಾಯರ್ ಅಲ್ಲದವ್ರಿಗೆ ಬೈತಾ ಇದೀರಿ, ನಾನು ಆ ಜಾತಿಗೆ ಸೇರಿದವ್ಳು ಸ್ವಾಮಿ. ಹದಿನಾಲ್ಕು ವರ್ಷದಿಂದ ಲಾ ಆಫೀಸಲ್ಲಿ ಪ್ಯಾರಾಲೀಗಲ್. ಜೂನಿಯರ್ ಲಾಯರ್‌ಗಳು ಬಂದು ‘ಮೇಡಮ್, ಈ ಅರ್ಜಿ ಜೊತೆ ಏನೇನು ಹಾಕ್ಬೇಕು’ ಅಂತ ಕೇಳೋದು ನನ್ನನ್ನೇ. ಲಿಮಿಟೇಶನ್, ಅಂದ್ರೆ ಕೇಸ್ ಹಾಕೋ ಗಡುವು, ಮುಗಿಯೋ ತಾರೀಖು ಕ್ಯಾಲೆಂಡರಲ್ಲಿ ಕೆಂಪಲ್ಲಿ ಗುರುತು ಹಾಕಿ ಮೂರು ಸಲ ನೆನಪು ಮಾಡೋದೂ ನಾನೇ. ಆದ್ರೆ ನಾನು ತಯಾರು ಮಾಡಿದ ಪ್ರತಿ ಪೇಪರನ್ನ ಲಾಯರ್ ಓದಿ ಸಹಿ ಹಾಕ್ತಾರೆ, ತಪ್ಪಾದ್ರೆ ಅವ್ರ ತಲೆಗೆ. ನಂಗೂ ಬೋರ್ಡ್ ಹಾಕ್ಕೊಂಡ ಕನ್ಸಲ್ಟೆಂಟಿಗೂ ಇರೋ ವ್ಯತ್ಯಾಸ ಅದೇ, ಇಬ್ರೂ ಲಾಯರ್ ಅಲ್ಲ, ಆದ್ರೆ ನನ್ನ ಹಿಂದೆ ಒಬ್ರಿದಾರೆ.

ಇನ್ನು ಕೆಲವು ಕಡೆ ಲಾಯರ್ ಅಲ್ಲದವ್ರಿಗೆ ಕಾನೂನೇ ಜಾಗ ಕೊಟ್ಟಿದೆ. ಕೆನಡಾದ ಒಂಟಾರಿಯೋದಲ್ಲಿ 2007ರಿಂದ ಪ್ಯಾರಾಲೀಗಲ್‌ಗಳಿಗೆ ಲೈಸೆನ್ಸ್ ಇದೆ, ಲಾಯರ್‌ಗಳಿಗೆ ಲೈಸೆನ್ಸ್ ಕೊಡೋ ಲಾ ಸೊಸೈಟಿನೇ ಇವ್ರಿಗೂ ಕೊಡೋದು, ಸಣ್ಣ ಮೊತ್ತದ ಕೇಸು ನೋಡೋ ಸ್ಮಾಲ್ ಕ್ಲೇಮ್ಸ್ ಕೋರ್ಟಲ್ಲಿ, ಟ್ರಾಫಿಕ್ ಕೇಸಲ್ಲಿ ತಾವೇ ನಿಂತು ಮಾತಾಡ್ತಾರೆ. ಅಮೆರಿಕಾದ ವಾಷಿಂಗ್ಟನ್ ರಾಜ್ಯ 2012ರಲ್ಲಿ ಫ್ಯಾಮಿಲಿ ವಿಷ್ಯಕ್ಕೆ ಅಂತ ಲಾಯರ್ ಅಲ್ಲದ ಲೈಸೆನ್ಸ್‌ದಾರರನ್ನ ಶುರು ಮಾಡ್ತು, 2020ರಲ್ಲಿ ಅಲ್ಲಿನ ಕೋರ್ಟೇ ಹೊಸಬ್ರನ್ನ ತಗೊಳ್ಳೋದು ಬೇಡ ಅಂತ ನಿಲ್ಲಿಸ್ತು, ಅದೇ ಹೊತ್ತಿಗೆ ಅರಿಜೋನಾ ಶುರು ಮಾಡ್ತು. ಎತ್ತು ಏರಿಗೆ ಕೋಣ ನೀರಿಗೆ. ಪೇಟೆಂಟ್ ಏಜೆಂಟ್‌ಗಳು ನೋಡಿ, ತುಂಬಾ ಜನ ಲಾ ಓದಿದವ್ರಲ್ಲ, ಸೈನ್ಸ್ ಓದಿ ಪರೀಕ್ಷೆ ಪಾಸು ಮಾಡಿದವ್ರು, ಪೇಟೆಂಟ್ ಆಫೀಸ್ ಮುಂದೆ ಅವ್ರೇ ಹುಲಿ. ಭಾರತದಲ್ಲಿ ಚಾರ್ಟರ್ಡ್ ಅಕೌಂಟೆಂಟ್ ಇನ್ಕಮ್ ಟ್ಯಾಕ್ಸ್ ಟ್ರಿಬ್ಯುನಲ್‌ವರೆಗೆ ವಾದ ಮಾಡ್ತಾರೆ, ಹೈಕೋರ್ಟ್ ಬಾಗಿಲಲ್ಲಿ ನಿಂತುಬಿಡ್ಬೇಕು.

ಇನ್ನೊಂದು ಮಜಾ ಅಂದ್ರೆ ಲಾಯರ್‌ನೇ ಹೊರಗಿಡೋ ಜಾಗಗಳೂ ಇವೆ. ಕ್ಯಾಲಿಫೋರ್ನಿಯಾ ಸ್ಮಾಲ್ ಕ್ಲೇಮ್ಸಲ್ಲಿ ಲಾಯರ್ ಬಂದು ನಿಮ್ಮ ಪರ ವಾದ ಮಾಡೋ ಹಾಗಿಲ್ಲ. ಭಾರತದಲ್ಲಿ 1947ರ ಇಂಡಸ್ಟ್ರಿಯಲ್ ಡಿಸ್ಪ್ಯೂಟ್ಸ್ ಆಕ್ಟ್ ಪ್ರಕಾರ ಲೇಬರ್ ಕೋರ್ಟಲ್ಲಿ ಯೂನಿಯನ್ ಲೀಡರ್ ಎದ್ದು ನಿಂತು ಮಾತಾಡ್ಬಹುದಿತ್ತು, ಲಾಯರ್ ಬರ್ಬೇಕಂದ್ರೆ ಎದುರುಪಾರ್ಟಿನೂ ಒಪ್ಪಬೇಕಿತ್ತು, ಕೋರ್ಟೂ ಬಿಡ್ಬೇಕಿತ್ತು. ಇಂಗ್ಲೆಂಡಲ್ಲಿ 1970ರ ಒಂದು ಡೈವೋರ್ಸ್ ಕೇಸಿಂದ ‘ಮೆಕೆಂಜಿ ಫ್ರೆಂಡ್’ ಅಂತ ಹುಟ್ಕೊಳ್ತು, ಲಾಯರ್ ಇಲ್ಲದೋರ ಪಕ್ಕ ಒಬ್ರು ಕೂತು ನೋಟ್ಸ್ ತಗೊಂಡು ಕಿವಿಯಲ್ಲಿ ಪಿಸುಗುಟ್ಟಬಹುದು, ಜಡ್ಜ್ ಬಿಟ್ಟರೆ ಮಾತ್ರ ಬಾಯಿ ತೆಗೀಬಹುದು.

ಹಾಗಾಗಿ ಲಾಯರ್ ಅಲ್ಲ ಅಂದ ಮಾತ್ರಕ್ಕೆ ಓಡಿಹೋಗ್ಬೇಡಿ. ಇವ್ರಿಗೆ ಲೈಸೆನ್ಸ್ ಇದ್ಯಾ, ಇದ್ರೆ ಯಾವ ಕೆಲ್ಸಕ್ಕೆ, ಕೊಟ್ಟೋರು ಯಾರು ಅಂತ ಕೇಳಿ. ನನ್ನ ಅನುಭವದಲ್ಲಿ ಒಳ್ಳೆ ಪ್ಯಾರಾಲೀಗಲ್ ಗುರುತು ಏನು ಗೊತ್ತಾ, ‘ಇದು ನನ್ನ ಕೈಲಿ ಆಗಲ್ಲ, ಲಾಯರ್ ಹತ್ರ ಹೋಗಿ’ ಅಂತ ದಿನಕ್ಕೊಂದ್ಸಲ ಆದ್ರೂ ಹೇಳ್ತಾರೆ. ಆ ಮಾತು ಒಂದ್ಸಲಾನೂ ಬಾಯಲ್ಲಿ ಬರ್ದೆ ಇದ್ರೆ ಹುಷಾರು.

ಸ್ಟ್ಯಾಂಪ್ ನೋಡಿ ಮರುಳಾಗ್ಬೇಡಿ ಅನ್ನೋದೂ ಸೇರಿಸ್ತೀನಿ. ಲ್ಯಾಟಿನ್ ಅಮೆರಿಕಾ ದೇಶಗಳಲ್ಲಿ ‘ನೊಟಾರಿಯೊ’ ಅಂದ್ರೆ ಲಾ ಓದಿದ ದೊಡ್ಡ ಮನುಷ್ಯ, ಅಮೆರಿಕಾದಲ್ಲಿ ನೋಟರಿ ಅಂದ್ರೆ ಸಹಿಗೆ ಸಾಕ್ಷಿ ಆಗೋರು ಅಷ್ಟೆ. ಹೆಸರು ಒಂದೇ ಥರ ಇದೆ ಅಂತ ವಲಸೆ ಬಂದ ಜನ ಅಂಥವ್ರ ಕೈಲಿ ವೀಸಾ ಅರ್ಜಿ ಹಾಕಿಸಿ ಹಳ್ಳಕ್ಕೆ ಬಿದ್ದಿರೋದು ಒಂದೆರಡಲ್ಲ.


ಗೊಂದಲದ_ಗಿರಾಕಿ:

ಇಷ್ಟೊಂದು ಬರೀತೀರಿ ಅಂದ್ಕೊಂಡಿರ್ಲಿಲ್ಲ, ಥ್ಯಾಂಕ್ಸ್.

ಕರಿಕೋಟು ಸರ್, ಸಾಲ ಇದೆ. ಬ್ಯಾಂಕಿಂದ ತಗೊಂಡಿದ್ದು, ಅರ್ಧ ತೀರಿದೆ. ಕನ್ಸಲ್ಟೆಂಟ್ ಡ್ರಾಫ್ಟಲ್ಲಿ ಅದಕ್ಕೆ ಒಂದು ಕ್ಲಾಸ್ (ಷರತ್ತು) ಹಾಕಿದಾರೆ, ‘ಇನ್ನು ಮುಂದೆ ಎಲ್ಲಾ ಸಾಲ ಸೋಲಗಳಿಗೆ ಮೊದಲನೇ ಪಾರ್ಟಿಯೇ ಹೊಣೆ, ಎರಡನೇ ಪಾರ್ಟಿಗೆ ಯಾವುದೇ ಸಂಬಂಧ ಇರುವುದಿಲ್ಲ’ ಅಂತ. ಇದು ಸಾಕಲ್ವಾ? ನಾನು ಒಪ್ಪಿದೀನಿ, ಅವ್ನೂ ಒಪ್ಪಿದಾನೆ.

ಇನ್ನೊಂದು, ಅದೇ ಡ್ರಾಫ್ಟನ್ನ ಎಐ ಆಪಲ್ಲಿ ಹಾಕಿ ಚೆಕ್ ಮಾಡಿಸಿದೆ, ಚೆನ್ನಾಗಿದೆ ಅಂತು. ಅದನ್ನ ನಂಬ್ಬಹುದಾ?


ಕೋರ್ಟು_ಕಛೇರಿ_ಸಾಕಾಯ್ತು:

ಲಾಯರ್‌ಗೆ ಮೇಲಧಿಕಾರ ಇದೆ, ಸನ್ನದು ಕಿತ್ಕೋತಾರೆ ಅಂತ ಹೇಳೋಕೆ ಚೆನ್ನಾಗಿದೆ. ಆರು ವರ್ಷ ವಾಯಿದೆ ಮೇಲೆ ವಾಯಿದೆ ತಗೊಂಡು, ಫೋನ್ ಎತ್ತದೇ, ಕೊನೇಗೆ ಫೈಲು ವಾಪಸ್ ಕೇಳಿದ್ರೆ ಬಾಕಿ ಫೀಸು ಕೊಡಿ ಅಂದ ಲಾಯರ್ ನಂಗೆ ಸಿಕ್ಕಿದ್ದು. ದೂರು ಕೊಟ್ರೆ ವಿಚಾರಣೆ ಮಾಡೋರೂ ಲಾಯರ್‌ಗಳೇ. 2024ರಲ್ಲಿ ಭಾರತದ ಸುಪ್ರೀಂ ಕೋರ್ಟ್ ಲಾಯರ್ ಸೇವೆ ಕನ್ಸ್ಯೂಮರ್ ಕಾನೂನಿಗೆ ಬರಲ್ಲ ಅಂತ ಬೇರೆ ಹೇಳಿದೆ. ಕೆಟ್ಟ ಮಿಕ್ಸಿ ಮಾರಿದೋನ ಮೇಲೆ ಕನ್ಸ್ಯೂಮರ್ ಕೋರ್ಟಿಗೆ ಹೋಗ್ಬಹುದು, ಕೇಸ್ ಕೆಡಿಸಿದ ಲಾಯರ್ ಮೇಲೆ ಅಲ್ಲಿಗೆ ಹೋಗೋ ಹಾಗಿಲ್ಲ. ಅರ್ಧ ಫೀಸಿಗೆ ಎರಡು ದಿನದಲ್ಲಿ ಆಗುತ್ತಾ, ಮುಗಿಸಿ ಹಾಯಾಗಿರಿ ಗುರೂ.


ಬಿಚ್ಚಿಟ್ಟ_ಕರಿಕೋಟು:

ಸಾಕಾಯ್ತು ಅವ್ರೆ, ನಿಮ್ಮ ಸಿಟ್ಟು ಸುಳ್ಳಲ್ಲ. 2024ರ ತೀರ್ಪು ನೀವು ಹೇಳಿದ ಹಾಗೇ ಇದೆ, ಬಾರ್ ಕೌನ್ಸಿಲ್ ದೂರು ಆಮೆ ನಡಿಗೆ ಅನ್ನೋದೂ ನಿಜ. ತೀರ್ಪಲ್ಲಿ ಮುಚ್ಚಿದ್ದು ಕನ್ಸ್ಯೂಮರ್ ಕೋರ್ಟಿನ ಬಾಗಿಲು, ನಿರ್ಲಕ್ಷ್ಯಕ್ಕೆ ಸಿವಿಲ್ ದಾವೆ ಹಾಕೋ ದಾರಿ ಇನ್ನೂ ಇದೆ. ಇಂಗ್ಲೆಂಡಿನ ಸಾಲಿಸಿಟರ್ ಫರ್ಮ್‌ಗಳಿಗೆ ಇನ್ಶೂರೆನ್ಸ್ ಕಡ್ಡಾಯ, ತಪ್ಪಾದ್ರೆ ದುಡ್ಡು ಬರೋಕೆ ಒಂದು ಮೂಲ ಆದ್ರೂ ಇರುತ್ತೆ, ಭಾರತದಲ್ಲಿ ಆ ಕಡ್ಡಾಯ ಇಲ್ಲ, ಇದು ದೊಡ್ಡ ಕೊರತೆ. ಸನ್ನದು ಇದ್ದ ಮಾತ್ರಕ್ಕೆ ಒಳ್ಳೆ ಲಾಯರ್ ಅಂತ ನಾನು ಯಾವತ್ತೂ ಹೇಳಲ್ಲ.

ಗಿರಾಕಿ ಸರ್, ಆ ಕ್ಲಾಸ್ ಬಗ್ಗೆ. ಅದನ್ನ ಇನ್ನೊಂದ್ಸಲ ಓದಿ, ಸಹಿ ಹಾಕೋರು ಯಾರು? ನೀವು, ನಿಮ್ಮ ಫ್ರೆಂಡು. ಬ್ಯಾಂಕ್ ಎಲ್ಲಿದೆ? ನೀವಿಬ್ರೂ ಕೂತು ಬ್ಯಾಂಕಿನ ಹಕ್ಕನ್ನ ಅಳಿಸೋಕಾಗಲ್ಲ. ಭಾರತದ 1932ರ ಪಾರ್ಟ್ನರ್‌ಶಿಪ್ ಆಕ್ಟಲ್ಲೂ ಇಂಗ್ಲೆಂಡಿನ 1890ರ ಆಕ್ಟಲ್ಲೂ ಇದೇ ಮಾತು, ಬಿಟ್ಟು ಹೋಗೋನು ಹಳೇ ಸಾಲದಿಂದ ಪಾರಾಗ್ಬೇಕಂದ್ರೆ ಸಾಲ ಕೊಟ್ಟೋರೂ ಒಪ್ಪಿರ್ಬೇಕು. ನಾಳೆ ನೀವು ಎರಡು ಕಂತು ತಪ್ಪಿಸಿದ್ರೆ ಬ್ಯಾಂಕ್ ನೋಟಿಸ್ ಅವ್ನ ಮನೆಗೂ ಹೋಗುತ್ತೆ, ಅವ್ನು ಈ ಪೇಪರ್ ತೋರಿಸಿದ್ರೆ ಬ್ಯಾಂಕಿನವ್ರು ‘ನಮ್ಮ ಸಹಿ ಎಲ್ಲಿದೆ’ ಅಂತಾರೆ. ಆಗ ಅವ್ನು ಕಟ್ಟಿ, ಅದನ್ನ ವಸೂಲಿ ಮಾಡೋಕೆ ಇದೇ ಕ್ಲಾಸ್ ಹಿಡ್ಕೊಂಡು ನಿಮ್ಮ ಮೇಲೆ ಬರ್ತಾನೆ. ಜಗಳ ಇಲ್ಲ ಅಂದ್ರಲ್ಲ, ಅಲ್ಲಿಂದ ಶುರು ಆಗುತ್ತೆ. ಇದಲ್ದೆ, ಅವ್ನು ಬಿಟ್ಟು ಹೋದ ಅಂತ ಸಾರ್ವಜನಿಕ ನೋಟಿಸ್ ಕೊಡದೇ ಇದ್ರೆ ಮುಂದಿನ ವ್ಯವಹಾರಕ್ಕೂ ಅವ್ನನ್ನ ಎಳೀಬಹುದು. ಆ ಲಾಯರ್ ಪಟ್ಟಿ ಉದ್ದ ಆಗಿದ್ದು ಇದಕ್ಕೇ.

‘ಇಬ್ರಿಗೂ ನಾನೇ’ ಅನ್ನೋ ಮಾತು ಈಗ ಅರ್ಥ ಆಗುತ್ತೆ ನೋಡಿ. ಆ ಕ್ಲಾಸ್ ಸಾಲದು ಅಂತ ನಿಮ್ಮ ಫ್ರೆಂಡಿಗೆ ಯಾರಾದ್ರೂ ಹೇಳ್ಬೇಕು. ನಿಮ್ಮ ಪರ ಇರೋರು ಹೇಳಲ್ಲ, ಅವ್ನ ಪರ ಇರೋರು ಹೇಳ್ಬೇಕು, ಇಬ್ರ ಪರಾನೂ ಇರೋರು ಸುಮ್ನೆ ಟೈಪ್ ಮಾಡ್ತಾರೆ. ಲಾಯರ್ ಎರಡೂ ಕಡೆ ಬೇಡ ಅಂದಿದ್ದು ಫೀಸಿನ ಆಸೆಗಲ್ಲ.

ಎಐ ಬಗ್ಗೆ ಜಾಸ್ತಿ ಹೇಳಲ್ಲ. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟಲ್ಲಿ ಲಾಯರ್‌ಗಳೇ ಚಾಟ್‌ಜಿಪಿಟಿ ಕೊಟ್ಟ ಇಲ್ಲದ ತೀರ್ಪುಗಳನ್ನ ಹೆಸರಿಸಿ 5,000 ಡಾಲರ್ ದಂಡ ಕಟ್ಟಿದ್ರು. ಗಮನಿಸಿ, ದಂಡ ಬಿದ್ದಿದ್ದು ಲಾಯರ್‌ಗಳಿಗೆ, ಯಾಕಂದ್ರೆ ಪೇಪರಲ್ಲಿ ಅವ್ರ ಸಹಿ ಇತ್ತು. ನಿಮ್ಮ ಆಪು ‘ಚೆನ್ನಾಗಿದೆ’ ಅಂದಿದ್ದಕ್ಕೆ ಸಹಿ ಹಾಕಿದ್ಯಾ?


ಗೊಂದಲದ_ಗಿರಾಕಿ:

ಒಂದು ವಾರ ಆಯ್ತು, ಏನಾಯ್ತು ಅಂತ ಹೇಳ್ಬಿಡ್ತೀನಿ.

ಲೋನ್ ಫೈಲು ಹುಡುಕಿ ತೆಗೆದೆ. ಕೊನೇ ಎರಡು ಪೇಜ್ ನಾನು ಇವತ್ತಿನವರೆಗೂ ಓದೇ ಇರ್ಲಿಲ್ಲ, ಅಲ್ಲಿ ಇಬ್ರೂ ಸ್ವಂತ ಗ್ಯಾರಂಟಿ ಅಂತ ಬೇರೆ ಬೇರೆ ಸಹಿ ಹಾಕಿದೀವಿ. ಫ್ರೆಂಡಿಗೆ ತೋರಿಸ್ದೆ, ಅವ್ನ ಮುಖ ನೋಡ್ಬೇಕಿತ್ತು. ಇಬ್ರೂ ಸೇರಿ ಕನ್ಸಲ್ಟೆಂಟ್ ಹತ್ರ ಹೋಗಿ ಈ ಗ್ಯಾರಂಟಿ ಏನ್ಮಾಡೋದು ಸರ್ ಅಂತ ಕೇಳಿದ್ವಿ. ಅವ್ರು ಕನ್ನಡಕ ಮೇಲೇರಿಸಿ ಪೇಜ್ ತಿರುವಿ ನೋಡಿ, ‘ಅದು ನಿಮಗೂ ಬ್ಯಾಂಕಿಗೂ ಬಿಟ್ಟಿದ್ದು, ನಾನು ನೀವು ಹೇಳಿದ್ದನ್ನ ಟೈಪ್ ಮಾಡಿಕೊಡೋನು ಅಷ್ಟೆ’ ಅಂದ್ರು. ಆ ಕ್ಲಾಸ್ ನಾವ್ಯಾರೂ ಹೇಳಿರ್ಲಿಲ್ಲ, ಅವ್ರೇ ಹಾಕಿದ್ದು. ಫ್ರೆಂಡು ಹೊರಗೆ ಬಂದು ಬೋರ್ಡನ್ನ ಒಂದ್ಸಲ ತಿರುಗಿ ನೋಡ್ದ.

ಗುರುವಾರಕ್ಕೆ ಆ ಮೊದಲ್ನೇ ಲಾಯರ್ ಹತ್ರ ಟೈಮ್ ತಗೊಂಡಿದೀನಿ. ಅವ್ನು ತನ್ನ ಚಿಕ್ಕಪ್ಪನ ಮಗನಿಗೆ ಗೊತ್ತಿರೋ ಬೇರೆ ಲಾಯರ್ ನೋಡ್ತಿದಾನೆ. ಮೇಡಮ್, ಪಟ್ಟಿಯಲ್ಲಿರೋದು ಬಿಟ್ಟು ಇನ್ನೇನಾದ್ರೂ ತಗೊಂಡ್ಹೋಗ್ಬೇಕಾ?


ಫೈಲ್_ಹೊರೋ_ಕೈ:

ಬ್ಯಾಂಕ್ ಹತ್ರ ಇವತ್ತಿನ ಬಾಕಿ ಎಷ್ಟು ಅಂತ ಲೆಟರ್ ಈಸ್ಕೊಳ್ಳಿ, ಬಾಯಿ ಮಾತಲ್ಲಿ ಬೇಡ. ಲೋನ್ ಫೈಲಿನ ಎಲ್ಲಾ ಪೇಜೂ ಜೆರಾಕ್ಸ್ ಮಾಡಿಸಿ, ಹಿಂದುಗಡೆ ಪ್ರಿಂಟ್ ಇದ್ರೆ ಅದನ್ನೂ. ಆಮೇಲೆ ಆ ಕನ್ಸಲ್ಟೆಂಟ್ ಡ್ರಾಫ್ಟ್ ಬಿಸಾಕ್ಬೇಡಿ, ನಿಮ್ಮಿಬ್ರ ಲೆಕ್ಕಾಚಾರ ಅದ್ರಲ್ಲಿ ನೀಟಾಗಿ ಇರುತ್ತೆ, ಲಾಯರ್‌ಗೆ ಅರ್ಧ ದಿನದ ಕೆಲ್ಸ ಉಳಿಯುತ್ತೆ. ಮೆಸೇಜಲ್ಲಿ ಮಾತ್ರ ಫ್ರೆಂಡಿಗೆ ಇನ್ನೇನೂ ಬರೀಬೇಡಿ, ಗುರುವಾರದವರೆಗೆ.